ಏಳನೆಯ ಸುತ್ತಿನಲ್ಲಿ ನಿಲ್ಲುವ ಕಾರು

ನನ್ನ ನಾದಿನಿ, ಅಂದರೆ ನಮ್ಮವರ ತಂಗಿ, ಹುಕ್ಕೇರಿಯ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತಿದ್ದಳು. ಕಂಪ್ಯೂಟರನ್ನು ಅವಳು ಮೊದಲ ಸಲ ಮುಟ್ಟಿದ್ದು ನಲವತ್ತೇಳನೆಯ ವಯಸ್ಸಿನಲ್ಲಿ, ಗೋಕಾಕದ ನಮ್ಮ ಮನೆಯಲ್ಲಿ. ಅದೂ ಪತ್ರ ಟೈಪ್ ಮಾಡುವುದಕ್ಕಲ್ಲ, ಮಾರ್ಕ್ಸ್ ಕೂಡಿಸುವುದಕ್ಕಲ್ಲ; ಒಂದು ಕಾರ್ ರೇಸಿನ ಗೇಮ್ ನಡುವೆಯೇ ಯಾಕೆ ನಿಂತುಹೋಗುತ್ತದೆ ಎಂದು ಕಂಡುಹಿಡಿಯುವುದಕ್ಕೆ. ಬೆಳಗಾವಿಯ ಕಾನ್ವೆಂಟಿನಲ್ಲಿ ಹನ್ನೊಂದು ವರ್ಷ ಓದಿದ ನನಗೆ ‘ಪೇಷನ್ಸ್’, ಅಂದರೆ ತಾಳ್ಮೆ, ಎಂಬ ಶಬ್ದದ ಸ್ಪೆಲಿಂಗ್ ಬರುತ್ತಿತ್ತು, ಉಚ್ಚಾರ ಬರುತ್ತಿತ್ತು, ಅದನ್ನು ಬಳಸಿ ಐದು ವಾಕ್ಯ ಬರೆಯಲೂ ಬರುತ್ತಿತ್ತು. ಆದರೆ ಪೇಷನ್ಸ್ ಎಂಬುದು ಕುರ್ಚಿ ಎಳೆದುಕೊಂಡು ಎದುರಿಗೆ ಕೂತದ್ದನ್ನು ನಾನು ನೋಡಿದ್ದು ಆ ಎರಡು ತಿಂಗಳಲ್ಲಿ ಮಾತ್ರ. ಅವಳು ಹೋಗಿ ಈಗ ನಾಲ್ಕು ವರ್ಷ. ಅವಳ ಬಗ್ಗೆ ಯಾರಾದರೂ ಒಳ್ಳೆಯ ಮಾತಾಡಿದರೆ ನನಗೆ ಮೊದಲು ನೆನಪಾಗುವುದು ಆ ಕಾರು.

ಆ ವರ್ಷ ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ನಮ್ಮವರಿಗೆ ಲಕ್ವಾ ಹೊಡೆಯಿತು. ಸೊಟ್ಟಗಾಗಿದ್ದ ಬಾಯಿ ಬೇಗ ನೆಟ್ಟಗಾಯಿತು, ಮಾತು ಬಂತು, ಬಲಗಾಲು ಎಳೆಯುತ್ತ ಎಳೆಯುತ್ತ ನೆಲ ಊರಿತು. ಬಲಗೈ ಮಾತ್ರ ಬರಲಿಲ್ಲ. ಪೇಟೆಯಲ್ಲಿ ನಮ್ಮದು ಕಿರಾಣಿ ಅಂಗಡಿ. ಹಳೇ ಪೇಪರಿನಲ್ಲಿ ಸಕ್ಕರೆಯ ಪುಡಿಕೆ ಕಟ್ಟಿ, ಮೇಲಿಂದ ಇಳಿಬಿಟ್ಟ ದಾರವನ್ನು ಎಳೆದು ಸುತ್ತಿ, ಒಂದೇ ಜಗ್ಗಿಗೆ ಹರಿಯುವ ಅವರ ಕೈಯನ್ನು ನಾನು ಮದುವೆಯಾದ ಹೊಸದರಲ್ಲಿ ಕದ್ದು ನೋಡುತ್ತಿದ್ದೆ. ಅಷ್ಟು ಚೆಂದದ ಕೈ. ಈಗ ಅದು ತೊಡೆಯ ಮೇಲೆ, ಯಾರೋ ಇಟ್ಟು ಮರೆತು ಹೋದ ವಸ್ತುವಿನ ಹಾಗೆ ಬಿದ್ದಿರುತ್ತಿತ್ತು. ಊಟಕ್ಕೆ ಎಡಗೈಯಲ್ಲಿ ಚಮಚ ಹಿಡಿಯುತ್ತಿದ್ದರು, ಅದೂ ಬಾಗಿಲು ಮುಚ್ಚಿಕೊಂಡು. ಮನೆಗೆ ಯಾರು ಬಂದರೂ ಅವರ ಎದುರು ಒಂದು ಚೂರು ಅವಲಕ್ಕಿಯನ್ನೂ ಬಾಯಿಗೆ ಹಾಕಿಕೊಳ್ಳುತ್ತಿರಲಿಲ್ಲ.

ವೈಶಾಖದಲ್ಲಿ ನಾದಿನಿಯ ಮಗಳ ಮದುವೆ ಗೊತ್ತಾಗಿತ್ತು, ಹುಕ್ಕೇರಿಯಲ್ಲೇ. ಇವರು ಸೋದರಮಾವ. ಮದುಮಗಳನ್ನು ಕೈಹಿಡಿದು ಮಂಟಪಕ್ಕೆ ಕರೆತರಬೇಕಾದವರು. ಕರೆಯಲು ಬಂದ ತಂಗಿಗೆ ಇವರು ಮುಖ ನೋಡದೆ ಹೇಳಿದರು: “ನಾ ಬರಾಂಗಿಲ್ಲವ್ವಾ. ನೀವ ಮಾಡಿಕೋರಿ.”

“ಯಾಕಣ್ಣಾ? ನಡಿಯಾಕ ಬರತೈತಲ್ಲ ಈಗ.”

“ನಡಿಯಾಕ ಬರತೈತಿ. ಪಂಗತಿಯೊಳಗ ಕುಂತು ಏನ ಮಾಡಲಿ? ಬೀಗರ ಮುಂದ ಎಡಗೈಲೇ ಉಣ್ಣಲ್ಯಾ? ಇಲ್ಲಾ ನಿಮ್ಮ ವೈನಿ ಕೂಸಿಗೆ ಉಣಿಸಿದಂಗ ಉಣಿಸಲ್ಯಾ?”

“ಉಣ್ಣಬ್ಯಾಡ. ಮದಿವಿ ಮಾಡಿಕೊಟ್ಟು ಬಾ.”

“ಸ್ವಾದರಮಾವ ಉಣ್ಣದ ಎದ್ದು ಹೋದ ಅಂತ ನಿನ್ನ ಬೀಗರು ನಾಳಿ ಊರತುಂಬಾ ಹೇಳಲಿ ಅಂತೀಯೇನು?”

ಅವಳು ಚೀಲ ತೆಗೆದುಕೊಂಡು ಎದ್ದಳು. ಬಸ್ ಸ್ಟ್ಯಾಂಡಿನವರೆಗೆ ನಾನು ಕಳಿಸಲು ಹೋದೆ. ನಮ್ಮ ಕಡೆ ಅತ್ತಿಗೆಗೆ ವೈನಿ ಎನ್ನುವುದು; ಬಸ್ ಹತ್ತುವಾಗ ಒಂದೇ ಮಾತು ಹೇಳಿದಳು: “ವೈನಿ, ಅಣ್ಣ ಬರದಿದ್ರ ನಂದೂ ಉಪಾಸ ಆ ದಿವಸ.”

ಫಿಜಿಯೋಥೆರಪಿಯವರು ಒಂದು ರಬ್ಬರ್ ಚೆಂಡು ಕೊಟ್ಟಿದ್ದರು, ಹಿಚುಕಲಿಕ್ಕೆ. ಇವರು ಅದನ್ನು ಮಂಚದ ಕೆಳಗೆ ಉರುಳಿಸಿಬಿಟ್ಟರು. “ನಾನೇನ ತೊಟ್ಟಲದಾಗಿನ ಕೂಸೇನು?” ಎಂದರು. ಆಗ ಕೆಲಸಕ್ಕೆ ಬಂದದ್ದು ಕಂಪ್ಯೂಟರ್. ಮಗಳ ಓದಿಗೆಂದು ತಂದದ್ದು. ಅವಳು ಧಾರವಾಡದ ಹಾಸ್ಟೆಲಿಗೆ ಹೋದ ಮೇಲೆ ದೇವರ ಕೋಣೆಯ ಬಾಜೂಕಿನ ಸಣ್ಣ ಕೋಣೆಯಲ್ಲಿ ಪ್ಲಾಸ್ಟಿಕ್ ಹೊದಿಕೆಯೊಳಗೆ ಕೂತಿತ್ತು. ರಜೆಗೆ ಬಂದ ಮಗಳು ಒಂದು ಸಿಡಿ ಹಾಕಿ ಕಾರ್ ರೇಸ್ ತೋರಿಸಿ ಹೋದಳು. ಕೀಬೋರ್ಡಿನ ಬಲಕ್ಕೆ ಬಾಣದ ಗುರುತಿನ ನಾಲ್ಕು ಕೀ. ಮೇಲಿನದಕ್ಕೆ ಓಟ, ಕೆಳಗಿನದಕ್ಕೆ ಬ್ರೇಕ್, ಉಳಿದೆರಡು ಎಡಬಲಕ್ಕೆ. ಮೂರು ಬೆರಳು ಬೇರೆಬೇರೆಯಾಗಿ ದುಡಿಯಬೇಕು.

ನಮ್ಮದು ಜೈನರ ಮನೆ. ಗುಂಡು ಹೊಡೆಯುವ ಆಟ ಒಳಗೆ ಬರುವ ಹಾಗಿರಲಿಲ್ಲ. ಎಪ್ಪತ್ತೆಂಟರ ಅತ್ತೆ ಕಾರಿನ ಆಟವನ್ನೂ ಸುಮ್ಮನೆ ಪಾಸ್ ಮಾಡಲಿಲ್ಲ. ಒಂದು ಪೂರ್ತಿ ಸುತ್ತು ಪಕ್ಕದಲ್ಲಿ ಕೂತು, ದಾರಿಗೆ ಅಡ್ಡ ನಾಯಿ ಬರುತ್ತದೋ ಕುರಿ ಬರುತ್ತದೋ ಎಂದು ಕಣ್ಣಿಟ್ಟು ನೋಡಿದರು. ಯಾವ ಪ್ರಾಣಿಯೂ ಬರಲಿಲ್ಲ. “ಆಡ್ಲಿ,” ಎಂದರು.

ಮೊದಲ ವಾರ ಕಾರು ಗೋಡೆಗೇ ಹೊಡೆಯುತ್ತಿತ್ತು. ಎಡಗೈಯಿಂದ ಬಲಗೈಯನ್ನು ಎತ್ತಿ ಕೀ ಮೇಲೆ ಇಟ್ಟುಕೊಳ್ಳುತ್ತಿದ್ದರು. ಹತ್ತನೆಯ ದಿನವೋ ಹನ್ನೊಂದನೆಯ ದಿನವೋ, ನಾನು ಅಲ್ಲೇ ಅಕ್ಕಿ ಆರಿಸುತ್ತ ಕೂತಿದ್ದೆ, ನಡುವಿನ ಬೆರಳು ತಾನಾಗಿ ಕೆಳಗೆ ಹೋಗಿ ಮೇಲೆ ಬಂತು. ನಾನು ಮೊರ ಬದಿಗಿಟ್ಟೆ. ಮತ್ತೆ ಕೆಳಗೆ ಹೋಯಿತು, ಮತ್ತೆ ಬಂತು. ಫಿಜಿಯೋಥೆರಪಿಯವರು ನೋಡಿ ಬಹಳ ಖುಷಿಪಟ್ಟರು. “ಚೆಂಡು ಬಿಡ್ರಿ. ದಿನಾ ಒಂದು ರೇಸ್ ಪೂರಾ ಆಡ್ರಿ. ಮೊದಲ ಅರ್ಧ ತಾಸು ಬೆರಳು ಬರೇ ಸಡಲ ಆಗತಾವು. ಖರೇ ವ್ಯಾಯಾಮ ಆಗೋದು ಅದರ ಮುಂದ,” ಎಂದರು. ರೇಸ್ ಎಂದರೆ ಹತ್ತು ಸುತ್ತು.

ಹತ್ತು ಸುತ್ತು ಆಗುತ್ತಿರಲಿಲ್ಲ. ಏಳನೆಯ ಸುತ್ತಿನಲ್ಲಿ ಕಾರು ರಸ್ತೆಯ ನಡುವೆ ಹಾಗೇ ನಿಂತುಬಿಡುತ್ತಿತ್ತು. ಒಮ್ಮೆ ಸ್ಕ್ರೀನ್ ಕಪ್ಪಾಗುವುದು. ಒಮ್ಮೆ ಗರ್ರ್ ಎಂದು ಒಂದೇ ಸದ್ದು ಹಿಡಿದು ನಿಲ್ಲುವುದು. ಒಮ್ಮೆ ಬಿಳೀ ಡಬ್ಬಿಯಲ್ಲಿ ಇಂಗ್ಲಿಷಿನ ಒಂದು ಸಾಲು. ಇಂಗ್ಲಿಷ್ ಅಂದ ಮೇಲೆ ನನ್ನನ್ನು ಕರೆಯಬೇಕು. ‘ಇಲ್ಲೀಗಲ್ ಆಪರೇಷನ್’ ಆಗಿದೆ, ಆದ್ದರಿಂದ ಮುಚ್ಚುತ್ತೇವೆ ಎಂದಿತ್ತು. ನಾನು ಹೇಗಿತ್ತೋ ಹಾಗೇ ಅರ್ಥ ಹೇಳಿದೆ: ಕಾನೂನಿಗೆ ವಿರುದ್ಧವಾದ ಕೆಲಸ ನಡೆದಿದೆಯಂತೆ.

“ನಮ್ಮ ಮನ್ಯಾಗ?” ಎಂದು ಅತ್ತೆ ಜಪದ ಮಣಿ ಕೆಳಗಿಟ್ಟರು.

“ಅವ್ವಾ, ನಾ ಬರೇ ಗಾಡಿ ಹೊಡದೇನಿ,” ಎಂದರು ಇವರು.

ಅರ್ಧದಲ್ಲಿ ನಿಂತ ರೇಸ್ ಲೆಕ್ಕಕ್ಕಿಲ್ಲ, ಮತ್ತೆ ಮೊದಲ ಸುತ್ತಿನಿಂದ ಶುರು ಮಾಡಬೇಕು. ಬೆರಳು ಸಡಿಲವಾಗಿ, ಇನ್ನೇನು ನಿಜವಾದ ಕೆಲಸ ಶುರುವಾಗಬೇಕು ಅನ್ನುವಾಗಲೇ ಅದು ಕೈಕೊಡುತ್ತಿತ್ತು.

ಕಂಪ್ಯೂಟರನ್ನು ಜೋಡಿಸಿ ಕೊಟ್ಟವರು ಮೂಡಲಗಿಯವರು. ಮೊದಲು ರೇಡಿಯೋ ರಿಪೇರಿ, ಆಮೇಲೆ ಟಿವಿ, ಆಮೇಲೆ ಇದು. ನೆತ್ತಿ ಬೋಳು, ಕಿವಿಯ ಸಂದಿಗೆ ಸ್ಕ್ರೂಡ್ರೈವರ್. ಒಳ್ಳೆಯ ಮನುಷ್ಯ, ಫೋನ್ ಮಾಡಿದ ದಿನವೇ ಮೋಟಾರ್ ಸೈಕಲ್ ಹತ್ತಿ ಬರುತ್ತಿದ್ದರು. ಆದರೆ ದೇವರ ಕೋಣೆಯ ಬಾಜೂಕ್ಕೆ ಹೊರಗಿನವರನ್ನು ಅತ್ತೆ ಬಿಡುತ್ತಿರಲಿಲ್ಲ. “ನೀವು ಹಾಲಿನ್ಯಾಗ ಕುಂಡ್ರಿ, ಚಾ ಕುಡೀರಿ. ಪೆಟಿಗಿ ಹೊರಗ ಬರತೈತಿ,” ಎಂದು ಹೇಳಿ ತಾವು ಮುಂಚೆ ಒಳಗೆ ಹೋಗಿ ಧೂಳು ಒರೆಸುವರು. ಆಮೇಲೆ ಅಂಗಡಿಯ ಆಳನ್ನು ಕರೆದು ನಾನು ಅದನ್ನು ಹೊರಿಸಿ ತರುತ್ತಿದ್ದೆ. ಕೆಲಸ ಮುಗಿದು ಮತ್ತೆ ಒಳಗಿಟ್ಟು, ವೈರುಗಳನ್ನೆಲ್ಲ ಸಿಕ್ಕಿಸಿ ನಾವು ಹೊರಬಂದ ಮೇಲೆ ಅತ್ತೆ ಇನ್ನೊಮ್ಮೆ ಒಳಗೆ ಹೋಗಿ ಒರೆಸುವರು. ಅದು ಅವರ ಸ್ವಚ್ಛತೆ, ಅಷ್ಟೇ ಎಂದು ನನಗೆ ಆಗ ಅನಿಸಿತ್ತು. ಸಿಸ್ಟರುಗಳ ಕೈಯಲ್ಲಿ ಬೆಳೆದ ನನಗೆ ಸ್ವಚ್ಛತೆ ದೊಡ್ಡ ಮಾತಾಗಿರಲಿಲ್ಲ.

ಮೂಡಲಗಿಯವರು ಒಳಗಿನ ಮೆಮೊರಿ ಪಟ್ಟಿಯನ್ನು ಕಿತ್ತು, ಅದರ ಹಳದಿ ಅಂಚನ್ನು ಪೆನ್ಸಿಲ್ ಒರೆಸುವ ರಬ್ಬರಿನಿಂದ ತಿಕ್ಕಿ, ಉಫ್ ಎಂದು ಊದಿ ಮತ್ತೆ ಕೂರಿಸಿದರು. ವಿಂಡೋಸ್ ತೆಗೆದು ಮತ್ತೆ ಹಾಕಿದರು. ವೈರಸ್ ನೋಡಿದರು. ಸಿಡಿಯನ್ನು ಧೋತರದ ತುದಿಯಿಂದ ಒರೆಸಿದರು. ಹಾಲಿನಲ್ಲೇ ಕೂತು ತಾವೇ ಹತ್ತು ಸುತ್ತು ಓಡಿಸಿ ತೋರಿಸಿದರು. ಒಳಗಿಟ್ಟರೆ ಮತ್ತೆ ಏಳಕ್ಕೆ ನಿಂತಿತು.

“ಇದು ಪೆಟಿಗಿ ತಪ್ಪಲ್ರಿ, ನಿಮ್ಮ ಆ ಕೋಣಿ ಪ್ಲಗ್ ಸರಿ ಇಲ್ರಿ,” ಎಂದರು. ಪ್ಲಗ್ ಬದಲಿಸಿದೆವು, ವೈರ್ ಹೊಸದಾಗಿ ಎಳೆಸಿದೆವು, ಅಂಗಳದಲ್ಲಿ ಗುಂಡಿ ತೋಡಿ ಅರ್ಥಿಂಗ್ ಹಾಕಿಸಿದೆವು. ಏಳನೆಯ ಸುತ್ತು ಏಳನೆಯ ಸುತ್ತೇ. ಕೊನೆಗೆ ಅವರು ಅದನ್ನು ಮೂಡಲಗಿಗೇ ಒಯ್ದು ಎರಡು ದಿನ ಇಟ್ಟುಕೊಂಡರು. ಫೋನಿನಲ್ಲಿ ಅವರ ದನಿ ಹೆಮ್ಮೆಯಿಂದ ಉಬ್ಬಿತ್ತು: “ಅಕ್ಕಾರ, ಮುಂಜಾನಿಂದ ಓಡಾಕತ್ತೈತ್ರಿ. ಒಮ್ಮೀನೂ ನಿಂತಿಲ್ಲ. ನೂರು ಸುತ್ತು ಆಗಿರಬೇಕು.”

ಗೋಕಾಕಕ್ಕೆ ಬಂತು. ಏಳಕ್ಕೆ ನಿಂತಿತು.

ಆ ದಿನ ನಮ್ಮವರು ಎದ್ದು ಹೋಗಿ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದರು. “ಬಿಟ್ಟಬಿಡು. ಅದಕ್ಕೂ ನನ್ನಂಗ ಲಕ್ವಾ ಹೊಡದೈತಿ,” ಎಂದರು. ಮರುದಿನ ಆ ಕೋಣೆಗೆ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ನಡುವಿನ ಬೆರಳು ಮತ್ತೆ ತೊಡೆಯ ಮೇಲೆ ಸುಮ್ಮನಾಯಿತು.

ನಾನು ಹುಕ್ಕೇರಿಗೆ ಫೋನ್ ಮಾಡಿದೆ. ಭಾನುವಾರ ನಾದಿನಿ ಘಟಪ್ರಭಾದಲ್ಲಿ ಬಸ್ ಬದಲಿಸಿಕೊಂಡು ಹತ್ತು ಗಂಟೆಗೆಲ್ಲ ಬಂದಳು. ಚೀಲದಲ್ಲಿ ಗೆರೆ ಹಾಕಿದ ಒಂದು ನೋಟ್‌ಬುಕ್, ಪಟ್ಟಿ, ಎರಡು ಬಣ್ಣದ ಪೆನ್ನು, ಮೇಜಿನ ಮೇಲಿಡುವ ಅಲಾರಾಂ ಗಡಿಯಾರ. ಕಂಪ್ಯೂಟರಿನ ಎದುರು ಕೂತು ಎರಡು ನಿಮಿಷ ಸುಮ್ಮನೆ ನೋಡಿದಳು, ಹೊಸ ವರ್ಗಕ್ಕೆ ಬಂದ ವಿದ್ಯಾರ್ಥಿಯನ್ನು ನೋಡಿದ ಹಾಗೆ.

“ವೈನಿ, ಇದನ್ನ ಚಾಲೂ ಹೆಂಗ ಮಾಡೋದು?”

ನನಗೆ ನಗು ಬಂತು. ಚಾಲೂ ಮಾಡಲು ಬಾರದವಳು ರಿಪೇರಿಗೆ ಬಂದಿದ್ದಾಳೆ. ಐ ಮಸ್ಟ್ ಅಡ್ಮಿಟ್, ಆ ನಗುವಿನಲ್ಲಿ ಸ್ವಲ್ಪ ಕಾನ್ವೆಂಟಿನ ಜಂಭವೂ ಇತ್ತು. ಅವಳದು ಕನ್ನಡ ಸಾಲಿ, ಆಮೇಲೆ ಕಾಲೇಜು. ನನ್ನ ಇಂಗ್ಲಿಷನ್ನು ಅವಳು ಯಾವಾಗಲೂ ಮೆಚ್ಚುತ್ತಿದ್ದಳು. ಆ ದಿನ ಅದನ್ನು ದುಡಿಸಿಕೊಂಡಳು. ಗೇಮಿನ ಸಿಡಿಯಲ್ಲಿ ‘ಟ್ರಬಲ್‌ಶೂಟಿಂಗ್’ ಎಂಬ ಒಂದು ಪಾಠವಿತ್ತು. ಅದನ್ನು ಸಾಲು ಸಾಲಾಗಿ ನನ್ನಿಂದ ಓದಿಸಿ, ಕನ್ನಡದಲ್ಲಿ ಹೇಳಿಸಿ, ನೋಟ್‌ಬುಕ್ಕಿನಲ್ಲಿ ಅಂಕಿ ಹಾಕಿ ಬರೆದುಕೊಂಡಳು. ಪುಟದಲ್ಲಿ ಪಟ್ಟಿ ಇಟ್ಟು ನಾಲ್ಕು ಅಂಕಣ ಎಳೆದಳು: ಎಷ್ಟು ಹೊತ್ತಿಗೆ ಶುರು, ಯಾವ ಸುತ್ತಿನಲ್ಲಿ ನಿಂತಿತು, ಏನು ಬದಲಿಸಿದೆವು, ಬದಲಿಸಿದ ಮೇಲೆ ಏನಾಯಿತು.

ನಾನು ಹೇಳಿದೆ, “ಎಲ್ಲಾ ಒಮ್ಮೆಲೇ ಮಾಡಿಬಿಡೂಣ. ಇಲ್ಲಿ ಹತ್ತು ಉಪಾಯ ಹೇಳ್ಯಾರ.”

“ಒಂದೊಂದ ಮಾಡೂಣ್ರಿ ವೈನಿ. ಒಮ್ಮೆಲೇ ಎರಡು ಬದಲಿ ಮಾಡಿದ್ರ ಯಾವುದರಿಂದ ಸರಿ ಆತು ಅಂತ ಹೆಂಗ ತಿಳೀಬೇಕು? ಗಣಿತದಾಗ ಹಂಗ ಮಾಡಿದ್ರ ನಾ ಸೊನ್ನೆ ಕೊಡ್ತೇನಿ.”

ಕಾರಿನ ಚಿತ್ರವನ್ನು ಸಣ್ಣದು ಮಾಡಿ ನೋಡಿದಳು. ಸದ್ದು ಬಂದ್ ಮಾಡಿ ನೋಡಿದಳು. ಬಣ್ಣ ಕಡಿಮೆ ಮಾಡಿ ನೋಡಿದಳು. ಪ್ರತಿಯೊಂದಕ್ಕೂ ಒಂದೊಂದು ರೇಸ್ ಆಡಬೇಕು, ಆಡುವುದು ಅಣ್ಣನೇ. “ಅಣ್ಣಾ, ನನಗ ಗಾಡಿ ಹೊಡಿಯಾಕ ಬರಾಂಗಿಲ್ಲ. ನೀ ಹೊಡದ್ರ ನಾ ಬರಕೋತೇನಿ,” ಎಂದು ಮಂಚದಿಂದ ಎಬ್ಬಿಸಿ ತಂದಳು. ಗೆಲ್ಲುವುದಕ್ಕಲ್ಲ, ತಂಗಿಯ ಪರೀಕ್ಷೆಗಾಗಿ ಆಡುವುದು ಅಂದ ಮೇಲೆ ಅವರಿಗೆ ನಿಂತರೂ ಸೋತ ಹಾಗೆ ಅನಿಸಲಿಲ್ಲ. “ನಿಂತ್ತು ನೋಡವಾ, ಬರಕೋ,” ಎನ್ನುತ್ತಿದ್ದರು. ಇದನ್ನು ಅವಳು ಬೇಕೆಂದೇ ಮಾಡಿದಳೋ, ತಾನಾಗಿ ಹಾಗಾಯಿತೋ, ನಾನು ಕೇಳಲಿಲ್ಲ.

ವಾರದ ದಿನಗಳಲ್ಲಿ ಬರೆಯುವ ಕೆಲಸ ನನ್ನದು. ಮುಂದಿನ ಭಾನುವಾರ ನೋಟ್‌ಬುಕ್ ತೆರೆದು ಅವಳು ಕನ್ನಡಕ ಏರಿಸಿದಳು.

“ವೈನಿ, ಮಂಗಳವಾರ ಏನಿದು? ‘ಆಸ್ ಯೂಷುವಲ್’?”

“ಅಂದ್ರ ಯಾವಾಗಿನಂಗ ನಿಂತ್ತು.”

“ಯಾವಾಗಿನಂಗ ಅಂದ್ರ ಎಷ್ಟು ನಿಮಿಷ? ನಸೀಕಲೆ ಆಡಿದ್ರೋ, ಮಧ್ಯಾಹ್ನ ಆಡಿದ್ರೋ?”

ನಾನು ಐವತ್ತು ದಾಟಿದವಳು, ಶಾಲೆಯ ಬೆಂಚಿನ ಮೇಲೆ ನಿಂತ ಹಾಗಾಯಿತು. ಇವರು ಕುರ್ಚಿಯಿಂದ, “ನಿಂದರಸವಾ ಆಕೀನ್ನ ಬೆಂಚಿನ ಮ್ಯಾಲ,” ಎಂದರು. ಆಮೇಲೆ ನಾನು ಸರಿಯಾಗಿ ಬರೆದೆ. ನಿಮಿಷ ಬರೆದೆ. ಕಿಟಕಿ ತೆರೆದಿತ್ತೋ ಮುಚ್ಚಿತ್ತೋ ಬರೆದೆ.

ನಾಲ್ಕು ಭಾನುವಾರ ಕಳೆದವು. ಪರೀಕ್ಷೆಯ ದಿನಗಳು ಹತ್ತಿರ, ಮದುವೆಯ ಕೆಲಸ ಹರಕೊಂಡು ಬಿದ್ದಿದೆ, ಆದರೂ ಅವಳು ಬಂದಳು. ಬರುವಾಗ ಬಸ್ಸಿನಲ್ಲಿ ಉತ್ತರಪತ್ರಿಕೆ ತಿದ್ದಿಕೊಂಡು ಬರುತ್ತಿದ್ದಳು. ರಸ್ತೆಯ ಕುಲುಕಾಟಕ್ಕೆ ಅವಳ ಕೆಂಪು ಸರಿ ಗುರುತುಗಳು ಸೊಟ್ಟಗಿರುತ್ತಿದ್ದವು. ಐದನೆಯ ಭಾನುವಾರ ಮಧ್ಯಾಹ್ನ ನೋಟ್‌ಬುಕ್ಕಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತಳು. ಆಮೇಲೆ ನನ್ನನ್ನು ಕರೆದಳು.

“ನೋಡ್ರಿ. ದಿನಾ ಆಡೋ ಹೊತ್ತಿಗೆ ಏಳನೇ ಸುತ್ತು. ಮುಂಜಾನೆ ಆರೂವರಿಗೆ ಶುರು ಮಾಡಿದ ದಿನ ಒಂಬತ್ತನೇ ಸುತ್ತಿನ ತನಕಾ ಹೋಗೇತಿ. ಮಧ್ಯಾಹ್ನ ಶುರು ಮಾಡಿದ್ರ ಐದನೇ ಸುತ್ತಿಗೆ ನಿಂತೈತಿ. ನಿಂತ ಕೂಡಲೇ ಮತ್ತ ಶುರು ಮಾಡಿದ್ರ ಎರಡೇ ಸುತ್ತು. ಒಂದು ತಾಸು ಬಿಟ್ಟು ಮಾಡಿದ್ರ ಮತ್ತ ಆರು. ಇದು ಕೆಟ್ಟಿಲ್ಲ ವೈನಿ. ದಣಿಯಾಕತ್ತೈತಿ.”

ಬಿಸಿಲೇರಿದಂತೆ ಬೇಗ ನಿಲ್ಲುತ್ತದೆ, ವಿಶ್ರಾಂತಿ ಕೊಟ್ಟರೆ ಚೇತರಿಸಿಕೊಳ್ಳುತ್ತದೆ. ಒಳಗೆ ಕಾಯುತ್ತಿದೆ ಎಂದು ಅವಳ ಲೆಕ್ಕ. ಮೂಡಲಗಿಯವರ ಸ್ಕ್ರೂಡ್ರೈವರಿಗೆ ಸಿಗದ್ದು ನಾಲ್ಕು ಅಂಕಣಗಳಲ್ಲಿ ಸಿಕ್ಕಿತ್ತು. ಅವಳು ಎದ್ದು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟಳು, ಪಕ್ಕಕ್ಕೆ ಇಟ್ಟಳು, ಜ್ವರ ನೋಡಿದ ಹಾಗೆ. ಆಮೇಲೆ ಗೋಡೆಗೂ ಪೆಟ್ಟಿಗೆಗೂ ನಡುವಿನ ಸಂದಿಯಲ್ಲಿ ಕೈ ತೂರಿಸಿದಳು. ಹಿಂಭಾಗದಲ್ಲಿ ಫ್ಯಾನ್ ಇದೆ, ಬಿಸಿಗಾಳಿಯನ್ನು ಹೊರಗೆ ತಳ್ಳುತ್ತದೆ ಎಂದು ನಾನೇ ಓದಿ ಹೇಳಿದ್ದೆ. ಅವಳ ಮುಖ ಬದಲಾಯಿತು.

“ಗಾಳಿ ಬರಾಕತ್ತಿಲ್ಲ. ಏನೋ ಮೆತ್ತಗ ಹತ್ತತೈತಿ ಕೈಗೆ.”

ಇಬ್ಬರೂ ಸೇರಿ ಮೇಜನ್ನು ಮುಂದಕ್ಕೆ ಎಳೆದೆವು. ಪೆಟ್ಟಿಗೆಯ ಬೆನ್ನಿಗೆ, ಫ್ಯಾನಿನ ಎರಡೂ ಕಿಂಡಿಗಳನ್ನು ಮುಚ್ಚಿ, ಬಿಳೀ ಹತ್ತಿಯ ಅರಿವಿ ಕಟ್ಟಿತ್ತು. ಎರಡು ಪದರ ಮಡಚಿ, ಒಂದು ಸುಕ್ಕಿಲ್ಲದೆ, ದಾರದಿಂದ ಸುತ್ತಿ ಗಂಟು ಹಾಕಿತ್ತು. ನಮ್ಮ ಅಡುಗೆಮನೆಯಲ್ಲಿ ಕೊಡದ ಬಾಯಿಗೆ ಕಟ್ಟಿರುತ್ತದಲ್ಲ, ನೀರು ಸೋಸುವ ಅರಿವಿ, ಅದೇ. ನೀರಿನೊಳಗಿನ ಸಣ್ಣ ಜೀವ ಹೊಟ್ಟೆಗೆ ಹೋಗಬಾರದೆಂದು ಸೋಸುತ್ತೇವೆ. ತಿರುಗುವ ಫ್ಯಾನಿಗೆ ನುಸಿಯೋ ಇರುವೆಯೋ ಸಿಕ್ಕಿ ಸಾಯಬಾರದೆಂದು ಅತ್ತೆ ಅದಕ್ಕೂ ಕಟ್ಟಿದ್ದರು. ಹೊರಗಿನವರು ಮುಟ್ಟಿದರೆ ಮೈಲಿಗೆ ಎಂದು ಪೆಟ್ಟಿಗೆ ಹೊರಗೆ ಹೋಗುವ ಮೊದಲು ಬಿಚ್ಚಿ, ಒಳಗೆ ಬಂದ ಮೇಲೆ ಮತ್ತೆ ಕಟ್ಟುತ್ತಿದ್ದರು. ಧೂಳು ಒರೆಸುವುದು ಅಂದರೆ ಅದು. ಹಾಲಿನಲ್ಲಿ ಓಡಿದ್ದು, ಮೂಡಲಗಿಯಲ್ಲಿ ನೂರು ಸುತ್ತು ಓಡಿದ್ದು, ನಮ್ಮ ಕೋಣೆಯಲ್ಲಿ ಮಾತ್ರ ನಿಂತದ್ದು, ಎಲ್ಲ ಆ ಎರಡು ಪದರದಲ್ಲಿತ್ತು.

ನನ್ನ ಕೈ ಆ ದಾರಕ್ಕೆ ಹೋಗಿತ್ತು. ಎಷ್ಟು ದಿನ, ಎಷ್ಟು ಓಡಾಟ, ಅಂಗಳದಲ್ಲಿ ಗುಂಡಿ ಬೇರೆ. ಸಿಟ್ಟು ನೆತ್ತಿಗೇರಿತ್ತು. ನಾದಿನಿ ನನ್ನ ಮುಂಗೈ ಹಿಡಿದಳು.

“ತಡೀರಿ ವೈನಿ. ಕಟ್ಟಿದವರನ್ನ ಕೇಳೂಣು.”

ಆ ಕ್ಷಣಕ್ಕಾಗಿ ನಾನು ಅವಳನ್ನು ಇವತ್ತಿಗೂ ಮೆಚ್ಚುತ್ತೇನೆ. ಕಂಡುಹಿಡಿದದ್ದಕ್ಕಿಂತ ಹೆಚ್ಚಾಗಿ, ಕಂಡುಹಿಡಿದ ಮೇಲೆ ಕೈ ತಡೆದದ್ದಕ್ಕಾಗಿ.

ಅತ್ತೆಯನ್ನು ಕರೆದು ಕುರ್ಚಿಯಲ್ಲಿ ಕೂರಿಸಿದಳು. ನಮ್ಮವರೂ ಗೋಡೆ ಹಿಡಿದು ಬಂದು ನಿಂತರು. ಅವಳು ತಾಯಿಯ ಅಂಗೈಯನ್ನು ಮೆಲ್ಲಗೆ ಅರಿವಿಯ ಮೇಲೆ ಒತ್ತಿ ಹಿಡಿದಳು.

“ಅವ್ವಾ, ಹೆಂಗೈತಿ?”

“ಬಿಸಿ ಐತಿ. ಹಂಚಿನಂಗ.”

“ಈ ಬಿಸಿ ಹೊರಗ ಹೋಗಬೇಕವ್ವಾ. ಹೋಗಾಕ ದಾರಿ ಇಲ್ಲದ ಒಳಗ ಉಳೀತೈತಿ. ಅದಕ್ಕ ಗಾಡಿ ನಿಲ್ಲಾಕತ್ತೈತಿ.”

ಅತ್ತೆ ಬಹಳ ಹೊತ್ತು ಕೈ ತೆಗೆಯಲಿಲ್ಲ. ಮಗನ ಬಲಗೈಯನ್ನು ನೋಡಿದರು. “ಅಂದ್ರ ಇಷ್ಟ ದಿನಾ ಇವನ ಕೈಗೆ ನಾನ ಅಡ್ಡ ಕುಂತಿದ್ನೇನು?”

ನಮ್ಮವರು ಇದ್ದಕ್ಕಿದ್ದ ಹಾಗೆ ನಕ್ಕರು. ಲಕ್ವಾ ಆದ ಮೇಲೆ ಅವರು ಹಾಗೆ ನಕ್ಕದ್ದು ಅದೇ ಮೊದಲು, ಹೊಟ್ಟೆ ಕುಣಿಸಿ. “ಅವ್ವಾ, ನೀರಿನ ಕೊಡಕ್ಕ ಕಟ್ಟೀದಿ, ಹಾಲಿನ ಪಾತೇಲಿಗೆ ಕಟ್ಟೀದಿ. ಪುಣ್ಯಾಕ ನನ್ನ ಮೂಗಿಗೆ ಕಟ್ಟಲಿಲ್ಲ ನೋಡು.”

“ನಗಬ್ಯಾಡ. ತಿರುಗೋ ಗಾಲಿಯೊಳಗ ಒಂದು ಜೀವ ಸಿಕ್ಕರ ಏನು ಗತಿ?”

“ಸಿಗಾಂಗಿಲ್ಲವ್ವಾ,” ಎಂದಳು ನಾದಿನಿ. “ಇಲ್ಲಿ ಗಾಳಿ ಹೊರಗ ಬರತೈತಿ. ಎದುರು ಗಾಳಿಗೆ ನುಸಿ ಒಳಗ ಹೋಗಾಕ ಬರಾಂಗಿಲ್ಲ.”

ಅತ್ತೆ ಯೋಚಿಸಿದರು. ಮೂರನೆಯ ಈಯತ್ತೆಯವರೆಗೆ ಸಾಲಿ ಕಲಿತ ಹೆಂಗಸು. “ಹೊರಗ ಇಷ್ಟು ಗಾಳಿ ಬರಬೇಕಂದ್ರ ಎಲ್ಲಿಂದರ ಒಳಗ ಹೋಗಿರಬೇಕಲ್ಲ? ಅದು ಎಲ್ಲಿ?”

ಗಣಿತದ ಟೀಚರಿಗೂ ಅದು ಹೊಳೆದಿರಲಿಲ್ಲ. ನಾನು ಓದಿ ಹೇಳಿದ ಪಾಠದಲ್ಲೂ ಅದಿರಲಿಲ್ಲ. ಹುಡುಕಿದೆವು. ಪೆಟ್ಟಿಗೆಯ ಮುಂಭಾಗದಲ್ಲಿ, ಕೆಳಗೆ, ಬಾಚಣಿಗೆಯ ಹಲ್ಲಿನಂಥ ಸೀಳುಗಳಿದ್ದವು. ಅಲ್ಲಿ ಒಂದು ಎಳೆ ಹತ್ತಿ ಹಿಡಿದರೆ ಮೆಲ್ಲಗೆ ಒಳಕ್ಕೆ ಬಾಗುತ್ತಿತ್ತು. “ಅಲ್ಲಿ ಕಟ್ಟಬೇಕಾಗಿತ್ತು,” ಎಂದರು ಅತ್ತೆ, ತಮ್ಮ ತಪ್ಪು ಜಾಗದ್ದು, ಉದ್ದೇಶದ್ದಲ್ಲ ಎಂಬಂತೆ.

ಬೇರೆ ಯಾರಾದರೂ ಇಲ್ಲಿಗೆ ಮುಗಿಸುತ್ತಿದ್ದರು. ನಾದಿನಿ ನೋಟ್‌ಬುಕ್ಕಿನಲ್ಲಿ ಹೊಸ ಪುಟ ತೆಗೆದಳು. ಬೆನ್ನಿನ ಅರಿವಿಯನ್ನು ಅತ್ತೆಯ ಕೈಯಿಂದಲೇ ಬಿಚ್ಚಿಸಿದಳು. ಅರಿವಿಯೇ ಇಲ್ಲದೆ ಒಂದು ರೇಸ್: ಹತ್ತು ಸುತ್ತು. ನಮ್ಮವರು ಕೊನೆಯ ಗೆರೆ ದಾಟಿದಾಗ ಸ್ಕ್ರೀನಿನಲ್ಲಿ ಬಣ್ಣಬಣ್ಣದ ಕಾಗದದ ಚೂರು ಹಾರಿದವು. ನಾವು ಯಾರೂ ಅದನ್ನು ಅದಕ್ಕೆ ಮುಂಚೆ ನೋಡಿರಲಿಲ್ಲ. ಮುಂದಿನ ಸೀಳಿಗೆ ಎರಡು ಪದರದ ಅರಿವಿ: ಎಂಟು ಸುತ್ತು. ಒಂದು ಪದರ: ಒಂಬತ್ತು. ಅತ್ತೆ ಹಳೆಯ ಸೊಳ್ಳೆಪರದೆಯ ಒಂದು ತುಂಡನ್ನು ಹುಡುಕಿ ತಂದರು. ನಾನು ಕಾನ್ವೆಂಟಿನಲ್ಲಿ ಕಲಿತ ಎಂಬ್ರಾಯ್ಡರಿಯ ಮರದ ರಿಂಗು ಪೆಟ್ಟಿಗೆಯಲ್ಲಿ ಸುಮ್ಮನೆ ಬಿದ್ದಿತ್ತು. ಅದಕ್ಕೆ ಪರದೆಯನ್ನು ಬಿಗಿದು, ಸೀಳುಗಳಿಗೆ ನಾಲ್ಕು ಬೆರಳು ದೂರದಲ್ಲಿ ನಿಲ್ಲಿಸಿ, ಸುತ್ತ ರಟ್ಟಿನ ಅಂಚು ಹಚ್ಚಿದೆವು. ಹತ್ತು ಸುತ್ತು. ಮತ್ತೊಮ್ಮೆ ಆಡಿಸಿದಳು. ಹತ್ತು. ಮುಂದಿನ ಭಾನುವಾರ ಮಧ್ಯಾಹ್ನದ ಬಿಸಿಲಿನಲ್ಲಿ, ಕಿಟಕಿ ಮುಚ್ಚಿ ಆಡಿಸಿದಳು. ಹತ್ತು.

ಮೂಡಲಗಿಯವರಿಗೆ ಫೋನ್ ಮಾಡಿ ಹೇಳಿದೆ. “ಅಕ್ಕಾರ, ಆ ಬಾಯಾರ ನಂಬರ್ ಇದ್ರ ಕೊಡ್ರಿ. ನನ್ನ ಅಂಗಡ್ಯಾಗ ನಾಕು ಮಶೀನ್ ಹಿಂಗ ಕುಂತಾವು,” ಎಂದರು. ತಮಾಷೆಗಲ್ಲ, ನಿಜವಾಗಿಯೇ ಬರೆದುಕೊಂಡರು.

ಆಮೇಲಿನದು ದಿನದಿನದ ಕೆಲಸ. ಬೆಳಿಗ್ಗೆ ಅತ್ತೆ ಮೆತ್ತನೆಯ ಕುಂಚದಿಂದ ಪರದೆಯ ಮೇಲೆ ಕೂತ ನುಸಿಗಳನ್ನು ಒಂದೊಂದಾಗಿ ಕಾಗದಕ್ಕೆ ಇಳಿಸಿ ಕಿಟಕಿಯ ಹೊರಗೆ ಬಿಡುವರು. ಬಿಟ್ಟ ಮೇಲೆ ಮಗ ಆಡಲು ಕೂರುವನು. ಮಾರ್ಚ್ ಮುಗಿಯುವಷ್ಟರಲ್ಲಿ ನಮ್ಮವರು ಆಟದಲ್ಲಿ ಎರಡನೆಯ ರಸ್ತೆ ದಾಟಿ, ಹಿಮದ ರಸ್ತೆಗೆ ಬಂದಿದ್ದರು. ತೋರುಬೆರಳೂ ಹೆಬ್ಬೆರಳೂ ಒಂದನ್ನೊಂದು ಮುಟ್ಟಿದವು. ಒಂದು ದಿನ ಬಾಗಿಲು ಮುಚ್ಚದೆ ಊಟಕ್ಕೆ ಕೂತರು. ರೊಟ್ಟಿ ಮುರಿಯಲು ಆಗಲಿಲ್ಲ. ಅನ್ನ ಕಲಸಲು ಬಂತು. ಅರ್ಧ ಅನ್ನ ತಾಟಿಗೇ ಬೀಳುತ್ತಿತ್ತು, ಇನ್ನರ್ಧ ಬಾಯಿಗೆ ಹೋಗುತ್ತಿತ್ತು.

“ಹುಕ್ಕೇರಿಗೆ ಫೋನ್ ಮಾಡು,” ಎಂದರು. “ಸ್ವಾದರಮಾವ ಬರತಾನಂತ ಹೇಳು.”

ಮದುವೆಯಲ್ಲಿ ಅವರು ಸೋದರಸೊಸೆಯ ಕೈಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯನ್ನು ಅದರ ಮೇಲಿಟ್ಟು ಮಂಟಪಕ್ಕೆ ಕರೆತಂದರು. ನಿಧಾನಕ್ಕೆ ಬಂದರು, ವಾಲಗದವರೂ ಅವರ ಹೆಜ್ಜೆಗೆ ತಾಳ ನಿಧಾನ ಮಾಡಿದರು. ಅದು ಸುಲಭದ ಭಾಗ. ಕಷ್ಟದ್ದು ಸಂಜೆಯ ಪಂಗತಿ. ನಾವು ಜೈನರು, ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕು. ಬೀಗರೊಂದಿಗೆ ಹಿರಿಯರೆಲ್ಲ ಕೊನೆಯ ಸಾಲಿಗೆ ಕೂತರು. ಸಾಲಿನಲ್ಲಿ ಕಡೆಯವರ ಊಟ ಮುಗಿಯುವ ತನಕ ಯಾರೂ ಏಳುವಂತಿಲ್ಲ. ಕಡೆಯವರು ಯಾರಾಗುತ್ತಾರೆ ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಗೋಧಿ ಹುಗ್ಗಿ ಬಂತು, ತುಪ್ಪ ಬಂತು, ಅನ್ನ, ಕಟ್ಟಿನ ಸಾರು ಬಂತು. ನಾನು ಹೆಂಗಸರ ಸಾಲಿನಿಂದ ಅವರ ಕೈಯನ್ನೇ ನೋಡುತ್ತಿದ್ದೆ. ಮೂರು ಬೆರಳು ಕೂಡುತ್ತಿದ್ದವು, ಏಳುತ್ತಿದ್ದವು, ಬಾಯಿಯ ಹತ್ತಿರ ಒಮ್ಮೆ ನಡುಗಿ ಒಳಗೆ ಹೋಗುತ್ತಿದ್ದವು. ಉಳಿದವರ ಎಲೆ ಅರ್ಧ ಖಾಲಿಯಾದಾಗ ಅವರದು ಇನ್ನೂ ಆರಂಭ. ಬೀಗರ ಕಡೆಯ ಇಬ್ಬರು ಮಾತು ನಿಲ್ಲಿಸಿ ಆ ಕಡೆ ತಿರುಗಿದರು.

ಆಗ ನಾದಿನಿ ಬಡಿಸುವವರ ಕೈಯಿಂದ ತುಪ್ಪದ ಗಿಂಡಿ ತೆಗೆದುಕೊಂಡಳು. ಮದುಮಗಳ ತಾಯಿ, ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿ, ಸಾಲಿನ ಆ ತುದಿಯಿಂದ ಶುರು ಮಾಡಿದಳು. ಒಬ್ಬೊಬ್ಬರ ಮುಂದೆಯೂ ಬಗ್ಗಿ ನಿಂತಳು. ಊರು ಕೇಳಿದಳು, ಮ್ಯಾಲವಂಕಿಯಿಂದ ಬಂದವರಿಗೆ ಅಲ್ಲಿಯ ಬೆಳೆ ಕೇಳಿದಳು, ಮೊಮ್ಮಕ್ಕಳ ಸಾಲಿ ಕೇಳಿದಳು. ಬೇಡ ಎಂದವರಿಗೆ ಒತ್ತಾಯ ಮಾಡಿ ಇನ್ನೊಂದು ಸೌಟು ಹುಗ್ಗಿ ಹಾಕಿಸಿದಳು, ಅದರ ಮೇಲೆ ಮತ್ತೆ ತುಪ್ಪ ಬಿಟ್ಟಳು. ಬೀಗರ ಹಿರಿಯರೊಬ್ಬರು ಕಿಟಕಿಯ ಕಡೆ ನೋಡಿ, “ಸಾಕ್ರಿ ಬಾಯಾರ, ಹೊತ್ತು ಮುಳಗಾಕ ಬಂತು,” ಎಂದರು.

“ಇನ್ನಾ ಹದಿನೆಂಟು ನಿಮಿಷ ಐತ್ರಿ. ನಾ ನೋಡೇನಿ,” ಎಂದು ಅವರ ಎಲೆಗೂ ಹುಗ್ಗಿ ಬಡಿಸಿದಳು.

ಅಣ್ಣನ ಎದುರಿಗೆ ಅವಳು ನಿಲ್ಲಲೇ ಇಲ್ಲ. ಒಮ್ಮೆಯೂ ಅವರ ಕೈಯ ಕಡೆ ಕಣ್ಣು ಹಾಯಿಸಲಿಲ್ಲ. ಅವರನ್ನು ದಾಟಿ ಮುಂದಿನವರ ಹತ್ತಿರ ಹೋಗಿ, ಮತ್ತೆ ಮೊದಲಿನ ತುದಿಗೆ ಬಂದಳು. ಇಡೀ ಸಾಲು ಅವಳ ಉಪಚಾರಕ್ಕೆ ಸಿಕ್ಕಿ ಉಣ್ಣುತ್ತಲೇ ಇತ್ತು. ನಡುವೆ ಎಲ್ಲೋ ನಮ್ಮವರ ಎಲೆ ಖಾಲಿಯಾಯಿತು. ನೆಲದ ಮೇಲೆ ಬಿದ್ದ ಅಗುಳುಗಳನ್ನು ಅವರು ಒಂದೊಂದಾಗಿ, ತೋರುಬೆರಳು ಹೆಬ್ಬೆರಳಲ್ಲಿ ಎತ್ತಿ ಎಲೆಯ ಅಂಚಿಗೆ ಇಟ್ಟರು. ಬಾಜೂಕಿನ ಬೀಗರು ಇನ್ನೂ ಹುಗ್ಗಿಯೊಡನೆ ಗುದ್ದಾಡುತ್ತಿದ್ದರು. ನಮ್ಮವರು ಅವರ ಕಡೆ ತಿರುಗಿ, ಮನೆಯ ಯಜಮಾನರು ಕೇಳುವ ಧಾಟಿಯಲ್ಲಿ ಕೇಳಿದರು:

“ಸಾವಕಾಶ ಆಗಲಿ, ಬೀಗರ. ನಿಮ್ಮದು ಮುಗೀಲಿ, ಕೂಡೇ ಏಳೂಣು.”